ಮಂಗಳೂರು ಬಿಟ್ಟುಕೊಟ್ಟ ಮರಿಯಂ

ಬೆತ್ಲೆಹೇಮಿನ ಗುಡ್ಡವೊಂದರ ಮೇಲೆ ಕೋಟೆಯ ಬುರುಜಿನಂತೆ ಕಾಣುವ, ಕ್ಯಾಥೋಲಿಕ್ ಸನ್ಯಾಸಿನಿಯರ ಕಾರ್ಮೆಲ್ ಸಭೆಯ ಮಠವಿದೆ. ಅದು ಹೇಗಿರಬೇಕೆಂದು ಹೇಳಿ, ಕೆಲಸದಾಳುಗಳ ಬೆನ್ನಿಗೆ ನಿಂತು ಕಟ್ಟಿಸಿದಾಕೆ ಮಠದ ಅಧ್ಯಕ್ಷೆಯಲ್ಲ, ಓದಿದವಳೂ ಅಲ್ಲ. ಅಡುಗೆ, ಬಟ್ಟೆ ಒಗೆತದಂಥ ಮೈಮುರಿಯುವ ಕೆಲಸಗಳನ್ನು ಕೇಳಿ ಪಡೆದುಕೊಂಡ ಸಾಮಾನ್ಯ ಸನ್ಯಾಸಿನಿ. ಹೆಸರು ಮರಿಯಂ ಬವಾರ್ದಿ. ಈಗ ಸಂತ ಮರಿಯಂ. ಆಕೆಯ ಸಮಾಧಿಯೂ ಪವಿತ್ರ ಅವಶೇಷಗಳೂ ಇರುವುದು ಆಕೆಯೇ ಕಟ್ಟಿಸಿದ ಈ ಮಠದಲ್ಲಿ. ನಮ್ಮ ಕರಾವಳಿಗೂ ಆಕೆಗೂ ಒಂದು ನಂಟಿದೆ. ಮರಿಯಂ ಸನ್ಯಾಸದ ವ್ರತ ಸ್ವೀಕರಿಸಿದ್ದು ಮಂಗಳೂರಿನಲ್ಲಿ.

ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಹಡೆದ ಹನ್ನೆರಡು ಗಂಡುಮಕ್ಕಳನ್ನೂ ಎಳವೆಯಲ್ಲೇ ಕಳೆದುಕೊಂಡ ಅಪ್ಪ ಅಮ್ಮ ಬೆತ್ಲೆಹೇಮಿಗೆ ನಡೆದುಕೊಂಡೇ ಹೋಗಿ ಹೆಣ್ಣುಮಗುವಿಗಾಗಿ ಹರಕೆ ಹೊತ್ತರು. ಮರಿಯಂ ಹುಟ್ಟಿದಳು, ಆಮೇಲೆ ತಮ್ಮ ಬೌಲೋಸ್. ಆಕೆಗೆ ಮೂರು ತುಂಬುವ ಮೊದಲೇ ತಂದೆ ತಾಯಿ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಅಕ್ಕ ತಂದೆಯ ಕಡೆಯವರ ಮನೆಗೆ, ತಮ್ಮ ತಾಯಿಯ ಕಡೆಯವರ ಮನೆಗೆ ಹಂಚಿಹೋದರು.

ಅಲೆಕ್ಸಾಂಡ್ರಿಯಾಕ್ಕೆ ಗುಳೆ ಹೋದ, ಮರಿಯಂಳನ್ನು ಸಾಕುತ್ತಿದ್ದ ಸಂಸಾರ ಹನ್ನೆರಡು-ಹದಿಮೂರರ ಹುಡುಗಿಗೆ ಮದುವೆ ಗೊತ್ತುಮಾಡಿತು. ಆಕೆ ಕೂದಲು ಕತ್ತರಿಸಿಕೊಂಡು ಒಲ್ಲೆನೆಂದಳು. ಶಿಕ್ಷೆಯಾಗಿ ಆಳುಗಳ ಜೊತೆ ದುಡಿಸಿದರು. ತಮ್ಮನಿಗೆ ಪತ್ರ ಮುಟ್ಟಿಸಲು ಹೋದಾಗ, ಮತ ಬದಲಿಸು ಎಂದ ಪರಿಚಿತನೊಬ್ಬನ ಮಾತಿಗೆ ಒಪ್ಪದಿದ್ದುದಕ್ಕೆ ಅವನು ಕತ್ತು ಕೊಯ್ದು ಓಣಿಯಲ್ಲಿ ಎಸೆದ. 1858ರ ಸೆಪ್ಟೆಂಬರ್ ತಿಂಗಳು ಅದು. ನೀಲಿ ಉಡುಪಿನ ಸನ್ಯಾಸಿನಿಯೊಬ್ಬಳು ಗವಿಯಲ್ಲಿಟ್ಟು ಗಾಯ ಹೊಲಿದಳು, ಗಂಜಿ ಕುಡಿಸಿ ಬದುಕಿಸಿದಳು ಎಂದು ಮರಿಯಂ ಮುಂದೆ ಹೇಳಿಕೊಂಡಳು. ಆ ಸನ್ಯಾಸಿನಿ ದೇವಮಾತೆಯೇ ಎಂಬುದು ಭಕ್ತರ ನಂಬಿಕೆ. ಕತ್ತಿನ ಗಾಯದ ಗುರುತು, ಒಡೆದ ದನಿ ಮಾತ್ರ ಕೊನೆಯವರೆಗೂ ಉಳಿದವು.

ಅಲ್ಲಿಂದ ಮನೆಗೆಲಸದವಳಾಗಿ ಜೆರುಸಲೇಮ್, ಬೈರುತ್, ಫ್ರಾನ್ಸಿನ ಮಾರ್ಸೇಲ್. ಮೊದಲು ಸೇರಿದ ಸನ್ಯಾಸಿನಿಯರ ಸಭೆ ಆಕೆಯನ್ನು ಮೈಮರೆಸುತ್ತಿದ್ದ ಭಾವಾವೇಶಗಳಿಗೆ ಹೆದರಿ ಉಳಿಸಿಕೊಳ್ಳಲಿಲ್ಲ. 1867ರಲ್ಲಿ ಫ್ರಾನ್ಸಿನದೇ ಪೋ ಪಟ್ಟಣದ ಕಾರ್ಮೆಲ್ ಮಠ ಬಾಗಿಲು ತೆರೆಯಿತು. ಕೈಹಿಡಿದು ಕರೆದೊಯ್ದವರು ಮದರ್ ವೆರೋನಿಕಾ. ಆಂಗ್ಲಿಕನ್ ಪಾದ್ರಿಯ ಮಗಳಾಗಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದ ಸೋಫಿ ಲೀವ್ಸ್ ಇವರೇ. ಮಂಗಳೂರಿನ ಸೇಂಟ್ ಆ್ಯನ್ಸ್, ಸೇಂಟ್ ಆ್ಯಗ್ನೆಸ್, ಬೆಂಗಳೂರಿನ ಮೌಂಟ್ ಕಾರ್ಮೆಲ್ ಸಂಸ್ಥೆಗಳನ್ನು ಬೆಳೆಸಿದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸ್ಥಾಪಕಿ.

ಮಂಗಳೂರಿನ ಬಿಷಪರಾಗಿದ್ದ ಮರಿ ಎಫ್ರೆಮ್ ಅವರೂ ಕಾರ್ಮೆಲ್ ಸಭೆಯವರೇ. ಹೆಣ್ಣುಮಕ್ಕಳಿಗೆ ಪಾಠ ಹೇಳುವ ಸಿಸ್ಟರುಗಳೂ ಬೇಕು, ಗೋಡೆಯೊಳಗಿದ್ದು ಪ್ರಾರ್ಥಿಸುವ ಮಠವೂ ಬೇಕು ಎಂಬುದು ಅವರ ಹಂಬಲ. 1870ರ ಆಗಸ್ಟಿನಲ್ಲಿ ಪೋದಿಂದ ಹೊರಟ ತಂಡದಲ್ಲಿ ಮರಿಯಂ ಇದ್ದಳು. ಸೂಯೆಜ್ ಕಾಲುವೆ ತೆರೆದು ಒಂದು ವರ್ಷವೂ ಆಗಿರಲಿಲ್ಲ. ಬಿಸಿಲಿನ ಧಗೆಗೆ, ಕಾಯಿಲೆಗೆ ಮಠಕ್ಕೆಂದು ಹೊರಟವರಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಉಳಿದವರು ನವೆಂಬರಿನಲ್ಲಿ ಮಂಗಳೂರು ಮುಟ್ಟಿ ಭಾರತದ ಮೊದಲ ಏಕಾಂತ ಕಾರ್ಮೆಲ್ ಮಠ ಆರಂಭಿಸಿದರು. ಮರುವರ್ಷ ನವೆಂಬರ್ 21ರಂದು ಮರಿಯಂ ವ್ರತ ಸ್ವೀಕರಿಸಿದಳು. ಭಾರತದ ಕಾರ್ಮೆಲ್ ಮಠವೊಂದರಲ್ಲಿ ಹಾಗೆ ವ್ರತ ತೊಟ್ಟವರಲ್ಲಿ ಮೊದಲಿಗಳು ಆಕೆ.

ಆ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಕೆಲಸದ ನಡುವೆ ಮೈಮರೆಯುವುದು, ಕೈಕಾಲುಗಳಲ್ಲಿ ಯೇಸುವಿನ ಗಾಯಗಳ ಗುರುತು ಮೂಡುವುದು ಇವೆಲ್ಲ ದೈವಕೃಪೆಯೋ, ಭ್ರಮೆಯೋ, ಸೈತಾನನ ಆಟವೋ ಎಂಬ ಅನುಮಾನ ಮೇಲಿನವರಿಗೆ ಹತ್ತಿತು. ಮೊದಲು ಮೆಚ್ಚಿದ್ದ ಬಿಷಪರೇ ಬೇಸತ್ತರು. 1872ರಲ್ಲಿ ಆಕೆಯನ್ನು ಹಡಗು ಹತ್ತಿಸಿ ಪೋಗೆ ವಾಪಸು ಕಳಿಸಿದರು. ಮಂಗಳೂರಿನಲ್ಲಿ ಇದ್ದದ್ದು ಎರಡು ವರ್ಷಕ್ಕೂ ಕಡಿಮೆ. ಮೂರು ಜೀವ ತೆತ್ತು ಕಟ್ಟಿದ ಮಠದಿಂದ ಹೀಗೆ ಹೊರಬಿದ್ದವಳು ಇನ್ನು ಮಠ ಕಟ್ಟುವ ಮಾತೇ ಬೇಡವೆಂದು ಕೂತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಕೂರಲಿಲ್ಲ. ಬೆತ್ಲೆಹೇಮಿನಲ್ಲಿ ಮಠವಾಗಬೇಕು ಎಂದು ಹಟ ಹಿಡಿದಳು.

ದುಡ್ಡು ಕೊಟ್ಟವರು ಪೋದ ಶ್ರೀಮಂತೆ ಬೆರ್ತ್ ದಾರ್ತಿಗೋ. 1875ರ ಸೆಪ್ಟೆಂಬರಿನಲ್ಲಿ ಸನ್ಯಾಸಿನಿಯರು ಬೆತ್ಲೆಹೇಮ್ ತಲುಪಿದರು. ಮರುವರ್ಷ ಮಾರ್ಚ್ 24ಕ್ಕೆ ಅಡಿಗಲ್ಲು, ನವೆಂಬರ್ 21ಕ್ಕೆ ಒಕ್ಕಲು. ಮಂಗಳೂರಿನ ವ್ರತದ ದಿನವೂ ಅದೇ ತಾರೀಖು. ತಂಡದಲ್ಲಿ ಅರಬ್ಬಿ ತಾಯಿನುಡಿಯಾಗಿದ್ದದ್ದು ಮರಿಯಂಗೆ ಮಾತ್ರ. ಹಾಗಾಗಿ ಜಾಗ ನೋಡುವುದರಿಂದ ಕೆಲಸದವರ ದಾಹ ತಣಿಸುವವರೆಗೆ ಎಲ್ಲವೂ ಆಕೆಯ ಪಾಲಿಗೆ ಬಂತು. ಹೊರಗಿನವರ ಮುಖ ನೋಡದ ಮಠದವಳು ಹಗಲೆಲ್ಲ ಕಲ್ಲು-ಗಾರೆಯ ನಡುವೆ ಓಡಾಡಿದಳು. ಆಕೆಯ ಭಾವಾವೇಶಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನನಗೆ ಹೆಚ್ಚು ಹತ್ತಿರವಾಗುವುದು ಈ ಮೇಸ್ತ್ರಿ ಮರಿಯಂ.

ಆಕೆಯನ್ನು ಬಲಿ ತೆಗೆದುಕೊಂಡದ್ದೂ ಆ ಕೆಲಸವೇ. 1878ರ ಆಗಸ್ಟ್ 22ರಂದು ಕೆಲಸದವರಿಗೆ ನೀರು ಒಯ್ಯುವಾಗ ಮೆಟ್ಟಿಲಲ್ಲಿ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು ನಂಜು ಏರಿತು. 26ರ ಬೆಳಗ್ಗೆ ಪ್ರಾಣ ಹೋಯಿತು. ವಯಸ್ಸು 32.

ಆಕೆಯ ಅವಶೇಷಗಳು ಆ ಮಠದಲ್ಲೇ ಉಳಿದವು. ಕ್ಯಾಥೋಲಿಕರಿಗೆ ಅವಶೇಷವೆಂದರೆ ಸಂತರ ದೇಹದ ಅಂಶ. ಅವರು ತೊಟ್ಟ ಬಟ್ಟೆ, ಬಳಸಿದ ವಸ್ತುಗಳಿಗೂ ಗೌರವವುಂಟು. ಅಸಲಿ ಎಂಬ ದೃಢೀಕರಣ ಪತ್ರ, ಅಧಿಕಾರಿಗಳ ಮುದ್ರೆ ಇರಬೇಕು, ಮಾರುವುದು ನಿಷಿದ್ಧ. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಸಲ್ಲುವುದು ಗೌರವ ಎಂಬುದು ಚರ್ಚಿನ ನಿಲುವು. ಆದರೂ ಸಮಾಧಿಯ ಮುಂದೆ ಮೊಣಕಾಲೂರಿದವರ ಮನಸ್ಸು ಇಷ್ಟು ಅಳೆದು ತೂಗುವುದಿಲ್ಲ. 1983ರ ನವೆಂಬರ್ 13ರಂದು ಪೋಪ್ ಎರಡನೇ ಜಾನ್ ಪಾಲ್ ಆಕೆಯನ್ನು ಪುನೀತೆ ಎಂದು ಸಾರಿದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಸಂತ ಪದವಿ ಕೊಟ್ಟರು. ಅದೇ ದಿನ ಜೆರುಸಲೇಮಿನ ಮರಿ ಅಲ್ಫೋನ್ಸಿನ್ ಘಟ್ಟಾಸ್ ಅವರಿಗೂ ಸಂತ ಪದವಿ ಸಂದಿತು. ಪ್ಯಾಲೆಸ್ತೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸ್ ಆ ಸಮಾರಂಭದಲ್ಲಿದ್ದರು.

ಮಠವಿರುವ ಊರಿನ ಸ್ಥಿತಿ ಈಗ ಚೆನ್ನಾಗಿಲ್ಲ. ಬೆತ್ಲೆಹೇಮ್ ಮತ್ತು ಜೆರುಸಲೇಮ್ ನಡುವೆ ಕಾಂಕ್ರೀಟ್ ಗೋಡೆ ಎದ್ದಿದೆ. ತಲೆಮಾರುಗಳಿಂದ ಇದ್ದ ಕ್ರೈಸ್ತ ಕುಟುಂಬಗಳು ಒಂದೊಂದಾಗಿ ಹೊರದೇಶಗಳಿಗೆ ಹೋಗುತ್ತಿವೆ. ಗಾಜಾ ಯುದ್ಧ ಶುರುವಾದ 2023ರಲ್ಲಿ ಕ್ರಿಸ್ಮಸ್‌ನ ಬೀದಿ ಸಂಭ್ರಮವನ್ನೇ ರದ್ದು ಮಾಡಿದರು. ಯಾತ್ರಿಕರನ್ನು ನಂಬಿ ಬದುಕಿದ್ದ ಹೋಟೆಲು, ಆಲಿವ್ ಮರದ ಕೆತ್ತನೆಯ ಅಂಗಡಿಗಳಿಗೆ ವ್ಯಾಪಾರ ತಪ್ಪಿತು.

ಯಾತ್ರೆ ಜೋರಾಗಿದ್ದ ಕಾಲದಲ್ಲೂ ಬಹಳಷ್ಟು ಬಸ್ಸುಗಳು ಯೇಸು ಹುಟ್ಟಿದ ಗವಿಯ ಬಸಿಲಿಕಾ ತೋರಿಸಿ, ಮರಿಯಂ ಮಠದತ್ತ ಸುಳಿಯದೆ ಹಿಂದಿರುಗುತ್ತಿದ್ದವು. ನಮ್ಮಲ್ಲೂ ಹಾಗೆಯೇ. ಮಂಗಳೂರಿನ ಮಠ ಇಂದಿಗೂ ಪ್ರಾರ್ಥನೆಯಲ್ಲಿದೆ, ಮದರ್ ವೆರೋನಿಕಾರ ಶಾಲೆಗಳಲ್ಲಿ ಸಾವಿರಾರು ಹುಡುಗಿಯರು ಓದುತ್ತಾರೆ. ಆ ಮಠ ಕಟ್ಟಲು ಬಂದು ಹೊರಬಿದ್ದ ಮರಿಯಂಳ ಸುದ್ದಿ ಮಾತ್ರ ಮಠ-ಚರ್ಚುಗಳ ಗೋಡೆಯಾಚೆ ಊರಿನ ಮಾತಾಗಿಲ್ಲ. ಪವಿತ್ರ ನಾಡಿನ ಯಾತ್ರೆಗೆ ಹೊರಡುವ ನಮ್ಮವರು ಬೆತ್ಲೆಹೇಮಿನ ಕಾರ್ಮೆಲ್ ಮಠಕ್ಕೊಂದು ಗಂಟೆ ಇಟ್ಟುಕೊಳ್ಳಲಿ ಎಂದು ಹೇಳುವ ಆಸೆ ನನಗೆ. ಹೊರಡುವವರೇ ಕಡಿಮೆಯಾದ ಈ ಹೊತ್ತಿನಲ್ಲಿ ಅದನ್ನು ಯಾರಿಗೆ ಹೇಳಲಿ?