ಭೀಮೆ ದಾಟಿದರೆ ಮಾತು ಕಟ್: ತಪ್ಪು ಟವರಿನದೋ, ಲೆಕ್ಕದ್ದೋ?

ಸೊಲ್ಲಾಪುರ: 'ಅವ್ವಾ, ಕೇಳಸ್ತೈತೇನ? ಟಾಕಳಿ ದಾಟೀವಿ... ಹಲೋ... ಹಲೋ...' ವಿಜಯಪುರದ ಬಸ್ಸು ಭೀಮಾ ಸೇತುವೆ ಏರುವಾಗ ಇಂಥ ಕೂಗು ಹೊಸದಲ್ಲ. ಈಚೆ ದಂಡೆ ಮಹಾರಾಷ್ಟ್ರ, ಆಚೆ ಧೂಳಖೇಡ ಕರ್ನಾಟಕ. ಹೊಲ ಒಂದು ಕಡೆ, ಬೀಗರು ಇನ್ನೊಂದು ಕಡೆ ಇರುವ ಮನೆಗಳಿಗೆ ಈ ನಡುವಿನ ದಾರಿಯಲ್ಲೇ ಫೋನಿನ ಕೆಲಸ ಹೆಚ್ಚು. ಮಾತು ಕಟ್ ಆದ ಕೂಡಲೇ 'ರೇಂಜ್ ಇಲ್ರಿ' ಎಂದು ಟವರಿಗೆ ಬೈಯುವುದು ರೂಢಿ. ಆದರೆ ಫೋನಿನಲ್ಲಿ ಕಡ್ಡಿಗಳು ತುಂಬಿ ನಿಂತಿರುವಾಗಲೂ ಮಾತು ಕಡಿಯುತ್ತದಲ್ಲ, ಅದಕ್ಕೇನು ಕಾರಣ?

ಓಡುವ ಬಸ್ಸಿನಲ್ಲಿ ಮಾತಾಡುವವರ ಕರೆ ಒಂದು ಟವರಿನಿಂದ ಇನ್ನೊಂದಕ್ಕೆ ದಾಟುತ್ತಲೇ ಇರಬೇಕು. ಇದಕ್ಕೆ 'ಹ್ಯಾಂಡೋವರ್' ಅಂತಾರೆ. ನೀವು ಮಾತಾಡುತ್ತಿರುವಾಗಲೇ ಫೋನು ಸುತ್ತಲಿನ ಟವರುಗಳಿಗೂ ಕಿವಿಗೊಟ್ಟಿರುತ್ತದೆ. 2ಜಿ ಜಾಲದಲ್ಲಿ ಅದು ಸೆಕೆಂಡಿಗೆ ಸುಮಾರು ಎರಡು ಸಲ, ಹೆಚ್ಚೆಂದರೆ ಆರು ನೆರೆ ಟವರುಗಳ ವರದಿ ಕಳಿಸುತ್ತದೆ. ದಾಟಿಸುವ ನಿರ್ಧಾರ ಜಾಲದ್ದು. ನೆರೆಯ ಟವರು ತುಸು ಜೋರಾದ ಮಾತ್ರಕ್ಕೆ ದಾಟಿಸುವುದಿಲ್ಲ, ಚೆನ್ನಾಗಿಯೇ ಜೋರಾಗಬೇಕು. ಇಲ್ಲದಿದ್ದರೆ ಎರಡು ಟವರುಗಳ ನಡುವೆ ಕರೆ ಚೆಂಡಿನಂತೆ ಪುಟಿಯುತ್ತದೆ. ಹಾಗಂತ ಬಹಳ ತಡ ಮಾಡಿದರೂ ಕೆಟ್ಟಿತು, ಅಷ್ಟರಲ್ಲಿ ಹಳೆಯ ಟವರಿನ ಉಸಿರೇ ನಿಂತಿರುತ್ತದೆ.

ಟವೆಲ್ ಹಾಕಿ ಸೀಟು

ಹೊಸ ಟವರಿನಲ್ಲಿ ಜಾಗವೂ ಖಾಲಿ ಇರಬೇಕು. 2ಜಿಯ ಒಂದು ತರಂಗ ಜೋಡಿಯಲ್ಲಿ ಎಂಟು ಕಿಂಡಿ. ಒಂದು ಜಾಲದ ಸ್ವಂತ ಕೆಲಸಕ್ಕೆ ಹೋದರೆ ಮಾತಿಗೆ ಉಳಿಯುವುದು ಏಳು. ಏಳು ಕಿಂಡಿಗೆ ಎಷ್ಟು ಜನ ಬಂದರೆ ಎಷ್ಟು ಜನ ವಾಪಸು ಹೋಗಬೇಕಾಗುತ್ತದೆ ಎಂಬ ಸೂತ್ರ ಮೊಬೈಲಿಗಿಂತ ಬಹಳ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ ಅದನ್ನು 1917ರಲ್ಲೇ ಕೊಟ್ಟ. ಆ ಸೂತ್ರದಂತೆ, ಏಳು ಕಿಂಡಿಗೆ ಸರಾಸರಿ ಮೂರು ಮಾತಿನ ಹೊರೆ ಇದ್ದರೆ ನೂರಕ್ಕೆ ಎರಡು ಕರೆಗೆ ಜಾಗವಿಲ್ಲ. ಹೊರೆ ನಾಲ್ಕಾದರೆ ನೂರಕ್ಕೆ ಆರು, ಐದಾದರೆ ಹನ್ನೆರಡು! ಅಂಗಡಿ ಲೆಕ್ಕದಂಗ ಇದು ಸಾಲುಸಾಲಾಗಿ ಏರೂದಿಲ್ಲ, ಜಿಗೀತದ.

ಹೊಸದಾಗಿ ಫೋನ್ ಹಚ್ಚುವವನಿಗೆ ಜಾಗ ಸಿಗದಿದ್ದರೆ ಅವನು ಮತ್ತೊಮ್ಮೆ ಹಚ್ಚುತ್ತಾನೆ. ನಡುಮಾತು ಕಡಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಅದಕ್ಕಾಗಿ ಕೆಲವು ಕಿಂಡಿಗಳನ್ನು ದಾಟಿ ಬರುವ ಕರೆಗಳಿಗೇ ಕಾದಿಡುವ ಉಪಾಯವುಂಟು. ಎಸ್‌ಟಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. 1986ರಲ್ಲಿ ಹಾಂಗ್ ಮತ್ತು ರಾಪಾಪೋರ್ಟ್ ಎಂಬ ಇಬ್ಬರು ಇದನ್ನು ಗಣಿತಕ್ಕೆ ಇಳಿಸಿದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಹೆಸರುವಾಸಿ.

ಮೇಲಿನ ಏಳು ಕಿಂಡಿಗೇ ಲೆಕ್ಕ ಹಚ್ಚಿ ನೋಡಿ. ನಾಲ್ಕರ ಹೊರೆಯಲ್ಲಿ ಮೂರು ಹೊಸ ಕರೆ, ಒಂದು ದಾಟಿ ಬಂದದ್ದು ಎನ್ನೋಣ. ಒಂದು ಕಿಂಡಿಗೆ ಟವೆಲ್ ಹಾಕಿದರೆ ದಾಟುವಾಗ ಕಡಿಯುವುದು ನೂರಕ್ಕೆ ಆರರಿಂದ ಎರಡಕ್ಕೂ ಕೆಳಗೆ ಇಳಿಯುತ್ತದೆ. ಆದರೆ ಹೊಸ ಕರೆಗೆ 'ಲೈನ್ ಬಿಜಿ' ಎನ್ನುವುದು ಆರರಿಂದ ಹದಿಮೂರಕ್ಕೆ ಏರುತ್ತದೆ. ಒಬ್ಬರ ಸುಖಕ್ಕೆ ಇನ್ನೊಬ್ಬರು ಕಾಯಬೇಕು, ಪುಕ್ಕಟೆ ಏನೂ ಇಲ್ಲ.

ಇದೆಲ್ಲ ಕರೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿಡಿಬಿಡಿಯಾಗಿ ಬಂದಾಗಿನ ಮಾತು. ಸೊಲ್ಲಾಪುರ-ಕಲಬುರಗಿ ರೈಲು ದುಧನಿ ದಾಟುವಾಗ ಹಾಗಲ್ಲ. ಬೋಗಿ ಬೋಗಿಯ ಮಾತುಗಳೆಲ್ಲ ಒಮ್ಮೆಲೇ ಮುಂದಿನ ಟವರಿನ ಬಾಗಿಲು ಬಡಿಯುತ್ತವೆ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಎರಡು ಟವರುಗಳ ಸದ್ದು ಕೂಡುವ ಪಟ್ಟಿ 500 ಮೀಟರ್ ಇದ್ದರೆ ದಾಟಿಸಲು ಸಿಗುವುದು ಬರೀ 20 ಸೆಕೆಂಡು. ಎರ್ಲಾಂಗನ ಸೂತ್ರ ಇಂಥ ಜಾತ್ರೆಗೆ ಬರೆದದ್ದಲ್ಲ.

ಪಟ್ಟಿಯಲ್ಲಿಲ್ಲದ ನೆರೆಮನೆ

ಗಡಿಯಲ್ಲಿ ಇನ್ನೊಂದು ತೊಡಕಿದೆ. ದೂರಸಂಪರ್ಕದ ನಕ್ಷೆಯಲ್ಲಿ ಕರ್ನಾಟಕ ಒಂದು ಸರ್ಕಲ್, ಮುಂಬೈ ಬಿಟ್ಟು ಮಹಾರಾಷ್ಟ್ರ-ಗೋವಾ ಇನ್ನೊಂದು. ಕಂಪನಿ ಒಂದೇ ಆದರೂ ಎರಡೂ ಕಡೆಯ ಜಾಲಕ್ಕೆ ಗುರುತಿನ ಸಂಖ್ಯೆ ಬೇರೆ. ಬಿಎಸ್‌ಎನ್‌ಎಲ್‌ನದೇ ನೋಡಿ: ಮಹಾರಾಷ್ಟ್ರದಲ್ಲಿ 404-66, ಕರ್ನಾಟಕದಲ್ಲಿ 404-71. ಕರೆ ದಾಟಬೇಕಾದರೆ ಟಾಕಳಿ ಕಡೆಯ ಟವರಿನ ನೆರೆಪಟ್ಟಿಯಲ್ಲಿ ಧೂಳಖೇಡ ಕಡೆಯ ಟವರಿನ ಹೆಸರಿರಬೇಕು, ಎರಡೂ ಕಡೆಯ ಸ್ವಿಚ್‌ಗಳು ಪರಸ್ಪರ ಒಪ್ಪಿರಬೇಕು. ಈ ವ್ಯವಸ್ಥೆ ಇಲ್ಲದಿದ್ದರೆ ಎದುರಿಗೇ ಜೋರಾದ ಟವರು ನಿಂತಿದ್ದರೂ ಕರೆ ಹಳೆಯ ಟವರಿಗೇ ಜೋತುಬಿದ್ದು ಕೊನೆಗೆ ಸಾಯುತ್ತದೆ. ಆಮೇಲೆ ಫೋನು ಹೊಸ ಜಾಲದಲ್ಲಿ ಹೆಸರು ಬರೆಸುತ್ತದೆ, ಕಡ್ಡಿ ತುಂಬುತ್ತವೆ. ನೋಡುವವರಿಗೆ 'ರೇಂಜ್ ಅದ, ಮಾತು ಇಲ್ಲ!'

ಮೊದಲು ಸೇತುವೆ ದಾಟಿದರೆ ಒಳಬರುವ ಕರೆಗೂ ದುಡ್ಡು ಬೀಳುತ್ತಿತ್ತು. ಜನ ಮಿಸ್ ಕಾಲ್ ಕೊಟ್ಟೇ ಸಂಸಾರ ನಡೆಸಿದರು. ರೋಮಿಂಗ್ ದುಡ್ಡಿನ ಕಾಲ ಮುಗಿಯಿತು, ಸರ್ಕಲ್‌ಗಳ ಗೆರೆ ಮಾತ್ರ ಉಳಿದಿದೆ.

ಕರೆ ಕಡಿತ ನೂರಕ್ಕೆ ಎರಡು ಮೀರಬಾರದು ಎಂದು ಟ್ರಾಯ್ 2009ರಲ್ಲಿ ನಿಯಮ ಮಾಡಿತು. ಆದರೆ ಅದು ಇಡೀ ಸರ್ಕಲ್‌ನ ಸರಾಸರಿ. ಪುಣೆ, ನಾಗಪುರ, ನಾಶಿಕಗಳ ಲಕ್ಷಾಂತರ ಕರೆಗಳ ಜೊತೆ ಅಕ್ಕಲಕೋಟೆ ಗಡಿಯ ನಾಲ್ಕು ಟವರುಗಳ ಗೋಳು ಕೂಡಿಸಿ ಭಾಗಿಸಿದರೆ ಉಳಿಯುವುದೇನು? 2017ರಲ್ಲಿ ಟ್ರಾಯ್ ಬರೀ ಸರಾಸರಿ ಬಿಟ್ಟು, ಯಾವ ಟವರಿನಲ್ಲಿ ಎಷ್ಟು ಕಡಿಯಿತು ಎಂಬ ಹಂಚಿಕೆಯನ್ನೂ ನೋಡುವ ಪದ್ಧತಿ ತಂದದ್ದು ಒಳ್ಳೆಯದೇ ಆಯಿತು. ಕಡಿದ ಕರೆಗೆ ಒಂದು ರೂಪಾಯಿಯಂತೆ ದಿನಕ್ಕೆ ಮೂರು ಕರೆಗೆ ಪರಿಹಾರ ಎಂಬ 2015ರ ಆದೇಶವನ್ನು ಮಾತ್ರ ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ ರದ್ದು ಮಾಡಿತು.

ಈಗ ಗ್ರಾಹಕರ ಕೈಯಲ್ಲಿರುವುದು ದೂರು. 'ನೆಟ್‌ವರ್ಕ್ ಸರಿ ಇಲ್ಲ' ಅಂದರೆ ಕಂಪನಿಯವರಿಗೆ ಏನೂ ತಿಳಿಯದು. ಯಾವ ಊರ ಹತ್ತಿರ, ಎಷ್ಟು ಗಂಟೆಗೆ, ಯಾವ ಕಡೆಗೆ ಹೊರಟಿದ್ದಾಗ ಎಂದು ಹೇಳಬೇಕು. ಕೊನೆಯದು ಮುಖ್ಯ. ನೆರೆಪಟ್ಟಿ ಒಂದೊಂದು ಟವರಿಗೆ ಬೇರೆ ಬೇರೆ ಬರೆದಿರುತ್ತದೆ, ಹೋಗುವಾಗ ಉಳಿದ ಮಾತು ಬರುವಾಗ ಕಡಿಯಬಹುದು. ದೂರು ಕೊಟ್ಟ ಮೇಲೆ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಒಂದೇ ಊರಿನ ಹತ್ತು ಮನೆಯವರು ಒಂದೇ ಜಾಗದ ಹೆಸರು ಹೇಳಿ ದೂರಿದರೆ, ಆ ಪಟ್ಟಿ ತೆಗೆದು ನೋಡುವುದು ಕಂಪನಿಗೆ ದೊಡ್ಡ ಕೆಲಸವೇನಲ್ಲ.