ಹೊಸ ಹೂವಿನ ಬೆಲೆ

(ಬಾನುಲಿ ಭಾಷಣ)

ಮಹಾಕಾವ್ಯದಲ್ಲಿ ಇರತಕ್ಕದ್ದೆಂದು ಆಲಂಕಾರಿಕರು ಹೇಳಿದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನಂಥ ಕವಿ ಆ ಪ್ರಸಂಗಕ್ಕೆ ಬಂದಾಗ ಕುಡಿದವರ ಮಾತನ್ನೂ ನಡೆಯನ್ನೂ ಕಣ್ಣಿಗೆ ಕಟ್ಟುವಂತೆ ಚಿತ್ರಿಸುತ್ತಾನೆ. ಆದರೆ ಬಟ್ಟಲಿನಲ್ಲಿದ್ದುದನ್ನು ಯಾರು, ಯಾವುದರಿಂದ, ಎಷ್ಟು ಶ್ರಮಪಟ್ಟು ತಯಾರಿಸಿದರು ಎಂಬ ವಿಚಾರ ಕಾವ್ಯದ ಮುಂಬಾಗಿಲಿಗೆ ಬರುವುದು ಅಪರೂಪ. ಆ ಪದ್ಯಗಳನ್ನು ಮೂವತ್ತು ವರ್ಷ ಪಾಠ ಹೇಳಿದ ನಾನೂ ಅದನ್ನು ಕೇಳಿಕೊಂಡವನಲ್ಲ. ಮದ್ಯದ ರುಚಿಯನ್ನೇ ಅರಿಯದ ನನ್ನಲ್ಲಿ ಆ ಕುತೂಹಲ ಹುಟ್ಟಿದ್ದು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ, ಮಗಳ ಮನೆಯ ಕಾರ್ ಷೆಡ್ಡಿನಲ್ಲಿ.

ನಮ್ಮ ಅಳಿಯಂದಿರು ಬಿಡುವಿನ ದಿನಗಳಲ್ಲಿ ಅಲ್ಲಿ ಬಿಯರ್ ತಯಾರಿಸುತ್ತಾರೆ. ಒಂದು ಭಾನುವಾರ ಅವರು ಎರಡು ಪೊಟ್ಟಣಗಳನ್ನು ನನ್ನ ಮುಂದೆ ಇಟ್ಟರು. ಎರಡರಲ್ಲಿಯೂ ಹಸಿರು ಗುಳಿಗೆಗಳು. ಒಂದರ ಬೆಲೆ ಇನ್ನೊಂದಕ್ಕಿಂತ ಬಹಳ ಕಡಿಮೆ. ಕಾರಣವೇನೆಂದು ಕೇಳಿದೆ. “ಇದು ಹೊಸ ತಳಿ ಮಾವ, ಇದಕ್ಕಿನ್ನೂ ಹೆಸರು ಬಂದಿಲ್ಲ. ಅದಕ್ಕೇ ಅಗ್ಗ” ಎಂದರು. ವಸ್ತುವಿನ ಬೆಲೆ ಗುಣದಿಂದಲ್ಲ, ಹೆಸರಿನಿಂದ ಎಂಬ ಈ ಮಾತು ಎಷ್ಟರಮಟ್ಟಿಗೆ ನಿಜ? ಅದನ್ನು ವಿಚಾರಿಸಲು ಆ ಗುಳಿಗೆಯಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು.

ಹಾಪ್ ಒಂದು ಬಳ್ಳಿ. ನಮ್ಮ ಭಂಗಿಯ ಗಿಡ ಸೇರಿರುವ ಕುಟುಂಬಕ್ಕೇ ಸೇರಿದ್ದು, ಆದರೆ ಭಂಗಿಯ ಅಮಲು ಇದಕ್ಕಿಲ್ಲ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗ ಸತ್ತು, ವಸಂತದಲ್ಲಿ ಬೇರಿನಿಂದ ಮತ್ತೆ ಚಿಗುರಿ, ಕಟ್ಟಿದ ಹುರಿಯನ್ನು ಪ್ರದಕ್ಷಿಣೆಯಾಗಿ ಸುತ್ತುತ್ತ ಐದಾರು ಮೀಟರು ಏರುತ್ತದೆ. ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಿಯರಿಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹೂತೆನೆ. ಅದರ ಎಸಳುಗಳ ಬುಡದಲ್ಲಿ ಅರಿಸಿನದಂಥ ಹಳದಿ ಪುಡಿಯಿರುತ್ತದೆ. ಕಹಿಯನ್ನು ಕೊಡುವ ಆಮ್ಲಗಳೂ ಪರಿಮಳವನ್ನು ಕೊಡುವ ತೈಲಗಳೂ ಇರುವುದು ಆ ಪುಡಿಯಲ್ಲಿ. ಹಾಪ್ ಹಾಕಿದ ಪಾನೀಯ ಬೇಗ ಕೆಡುವುದಿಲ್ಲವೆಂಬುದನ್ನು ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ 12ನೆಯ ಶತಮಾನದಲ್ಲಿಯೇ ಬರೆದಿಟ್ಟಳು. 1516ರಲ್ಲಿ ಬವೇರಿಯದ ದೊರೆಗಳು ಬಿಯರಿಗೆ ಜವೆಗೋಧಿ, ಹಾಪ್, ನೀರು ಇವುಗಳ ಹೊರತು ಬೇರೇನೂ ಕೂಡದೆಂದು ಕಟ್ಟಳೆ ಮಾಡಿದರು.

ತಯಾರಿಕೆಯ ಕ್ರಮ ನಮ್ಮ ಗೃಹಿಣಿಯರಿಗೆ ತೀರ ಅಪರಿಚಿತವೇನೂ ಅಲ್ಲ. ಮಗುವಿನ ಆಹಾರಕ್ಕೆಂದು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುವಂತೆಯೇ ಅಲ್ಲಿ ಜವೆಗೋಧಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ಅದರ ತರಿಯನ್ನು ಸುಮಾರು 66 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಯಿಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಸೋಸಿದ ಸಿಹಿನೀರನ್ನು ಒಂದು ಗಂಟೆ ಕುದಿಸುವಾಗ ಹಾಪ್ ಸೇರಿಸುತ್ತಾರೆ. ಕಹಿಯ ಆಮ್ಲ ಚೆನ್ನಾಗಿ ಕುದಿದಲ್ಲದೆ ನೀರಿನಲ್ಲಿ ಕರಗದು. ಪರಿಮಳವಾದರೋ ಕುದಿದಷ್ಟೂ ಹಾರಿಹೋಗುತ್ತದೆ. ಆದಕಾರಣ ಕಹಿಗೆ ಬೇಕಾದುದನ್ನು ಮೊದಲಿಗೂ ಪರಿಮಳಕ್ಕೆ ಬೇಕಾದುದನ್ನು ಕೊನೆಗೂ ಹಾಕಬೇಕು. ಸಾರನ್ನು ಇಳಿಸುವ ಹೊತ್ತಿಗೆ ಕೊತ್ತಂಬರಿ ಸೊಪ್ಪು ಹಾಕುವುದು ಇದೇ ನ್ಯಾಯದಿಂದ. ಬಳಿಕ ಬೇಗನೆ ತಣಿಸಿ, ಯೀಸ್ಟ್ ಬೆರೆಸಿ, 18ರಿಂದ 20 ಡಿಗ್ರಿಯ ತಂಪಿನಲ್ಲಿ ಒಂದೆರಡು ವಾರ ಹುದುಗಲು ಬಿಡುತ್ತಾರೆ. ಕೊನೆಗೆ ಸ್ವಲ್ಪ ಸಕ್ಕರೆ ಸೇರಿಸಿ ಸೀಸೆಗೆ ತುಂಬಿದರೆ ಒಳಗೇ ಬುರುಗು ಹುಟ್ಟುತ್ತದೆ. ಕುದಿಸಿದ ಮೇಲೆ ತಾಗುವ ಪಾತ್ರೆ, ಕೊಳವೆಗಳೆಲ್ಲ ಮಡಿಯಲ್ಲಿಟ್ಟಷ್ಟು ಶುದ್ಧವಾಗಿರಬೇಕು. ಇಲ್ಲವಾದರೆ ಎಲ್ಲವೂ ಹುಳಿ.

ಈಗ ಬೆಲೆಯ ಲೆಕ್ಕ. ಆರೆಗಾನಿನಲ್ಲಿ ಹೆಸರಾದ ಕ್ಯಾಸ್ಕೇಡ್ ಎಂಬ ತಳಿಯಲ್ಲಿ ಕಹಿಯ ಆಮ್ಲ ನೂರಕ್ಕೆ ಸುಮಾರು ಆರು ಪಾಲು. ಇಪ್ಪತ್ತು ಲೀಟರಿಗೆ 25 ಗ್ರಾಂ ಹಾಕಿದರೆ ಆಮ್ಲ ಒಂದೂವರೆ ಗ್ರಾಂ. ಒಂದು ಗಂಟೆ ಕುದಿದ ಮೇಲೆ ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಬಿಯರಿಗೆ ಇಳಿಯುತ್ತದೆ. ಆಮ್ಲ ನೂರಕ್ಕೆ ಹನ್ನೆರಡಿರುವ ತಳಿಯಾದರೆ ಅಷ್ಟೇ ಕಹಿಗೆ ಅರ್ಧ ತೂಕ ಸಾಕು. ಹೀಗಾಗಿ ಚೀಟಿಯ ಮೇಲಿನ ಬೆಲೆಯೊಂದನ್ನೇ ನೋಡುವವನಿಗೆ ನಿಜವಾದ ಅಗ್ಗ ಕಾಣುವುದಿಲ್ಲ. ಆಮ್ಲದ ಪ್ರಮಾಣವನ್ನೂ ಕೊಯ್ಲಿನ ವರ್ಷವನ್ನೂ ನೋಡಬೇಕು. ಹಳೆಯ ದಾಸ್ತಾನು ಎಷ್ಟು ಅಗ್ಗವಾದರೂ ದುಬಾರಿಯೇ. ಗಾಳಿ ತಾಗಿದ ಹಾಪ್ ಕಹಿಯನ್ನು ಕಳೆದುಕೊಂಡು ಹಳಸಿದ ಚೀಸಿನ ವಾಸನೆಯನ್ನು ಬರಿಸಿಕೊಳ್ಳುತ್ತದೆ.

ಇಂದು ಹೆಸರಾಗಿರುವ ಈ ಕ್ಯಾಸ್ಕೇಡ್ ಕೂಡ ಒಂದು ಕಾಲಕ್ಕೆ ಹೆಸರಿಲ್ಲದ ಸಸಿಯೇ. ಆರೆಗಾನಿನ ಕಾರ್ವಾಲಿಸ್ ಎಂಬ ಊರಿನಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರವಿದೆ. ಬೂಜು ರೋಗವನ್ನು ತಾಳಿಕೊಳ್ಳುವ ತಳಿಯೊಂದನ್ನು ಪಡೆಯಬೇಕೆಂದು ಅಲ್ಲಿ 1956ರಲ್ಲಿ ಸಂಗ್ರಹಿಸಿದ ಬೀಜದಿಂದ ಈ ಸಸಿ ಹುಟ್ಟಿತು. ಇಂಗ್ಲೆಂಡಿನ ಫಗಲ್ ತಳಿಯೂ ರಷ್ಯದ ಸೆರೆಬ್ರಿಯಾಂಕ ತಳಿಯೂ ಇದರ ಪೂರ್ವಜರು. ಬೆಳೆಸಿ, ಪರೀಕ್ಷಿಸಿ, ಪರ್ವತಶ್ರೇಣಿಯೊಂದರ ಹೆಸರನ್ನಿಟ್ಟು ಬೆಳೆಗಾರರ ಕೈಗೆ ಕೊಟ್ಟದ್ದು 1972ರಲ್ಲಿ. ಒಂದು ಬೀಜಕ್ಕಾಗಿ ಹದಿನಾರು ವರ್ಷ! ಹಾಪನ್ನು ವಂಶವೃದ್ಧಿ ಮಾಡುವುದು ಬೀಜದಿಂದಲ್ಲ, ಬೇರಿನ ತುಂಡಿನಿಂದ. ಆದುದರಿಂದ ಜಗತ್ತಿನಲ್ಲಿರುವ ಕ್ಯಾಸ್ಕೇಡ್ ಬಳ್ಳಿಗಳೆಲ್ಲವೂ ಆ ಒಂದೇ ಸಸಿಯ ತುಂಡುಗಳೇ ಸರಿ.

ಅದರ ಪರಿಮಳ ಚಕ್ಕೋತದ ಸಿಪ್ಪೆಯದು. ಯೂರೋಪಿನ ಮೃದುವಾದ ಸುಗಂಧವನ್ನೇ ಅಳತೆಗೋಲಾಗಿ ಹಿಡಿದವರಿಗೆ ಅದು ವಿಚಿತ್ರವೆನ್ನಿಸಿದ್ದು ಸಹಜ. ಅದನ್ನು ಗುಣವೆಂದು ಎತ್ತಿ ಹಿಡಿದವರು ಸಣ್ಣ ತಯಾರಕರು. ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಸಂಸ್ಥೆ 1975ರಲ್ಲಿ ತನ್ನ ಲಿಬರ್ಟಿ ಏಲ್‌ನಲ್ಲಿ ಇದನ್ನು ಮುಂದೆ ಮಾಡಿತು. ಮನೆಯಲ್ಲಿ ಬಿಯರ್ ಮಾಡಿ ಕಲಿತು, ಚೀಕೋ ಎಂಬ ಊರಿನಲ್ಲಿ ಅದರ ಸಾಮಗ್ರಿಯ ಅಂಗಡಿ ನಡೆಸಿದ್ದ ಕೆನ್ ಗ್ರಾಸ್‌ಮನ್ ಎಂಬುವರ ಸಿಯೆರಾ ನೆವಾಡ ಸಂಸ್ಥೆ 1980ರ ಬಳಿಕ ಇದೇ ಪರಿಮಳವನ್ನು ಮನೆಮಾತಾಗಿಸಿತು. ಲಕ್ಷಾಂತರ ಲೀಟರು ಮಾರುವವನು ಹೊಸತನ್ನು ಕಂಡು ಹಿಂಜರಿದರೆ ತಪ್ಪೆನ್ನಲಾಗದು. ಇಪ್ಪತ್ತು ಲೀಟರಿನವನಿಗೆ ಆ ಭಯವಿಲ್ಲ. ಕೆಟ್ಟರೆ ಒಂದು ಭಾನುವಾರ ಕೆಟ್ಟಿತು, ಅಷ್ಟೆ. ಈ ಸ್ವಾತಂತ್ರ್ಯವೂ ಕಾನೂನಿನಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಮನೆಬಿಯರಿಗೆ ಪರವಾನಗಿ ಬೇಕೆಂಬ ನಿಯಮ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ 1978ರಲ್ಲಿ ಅಂಕಿತ ಹಾಕಿದ ಶಾಸನದಂತೆ, ಇಬ್ಬರು ವಯಸ್ಕರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್, ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ.

ಅಳಿಯಂದಿರ ಅಗ್ಗದ ಪೊಟ್ಟಣದಲ್ಲಿದ್ದದ್ದು ಟ್ರಯಂಫ್ ಎಂಬ ತಳಿ. ಅದೇ ಕೃಷಿ ಇಲಾಖೆ 2019ರಲ್ಲಿ ಬಿಡುಗಡೆ ಮಾಡಿದ್ದು. ದುಬಾರಿಯದು ಸಿಟ್ರಾ. ಅದು ಖಾಸಗಿ ಸಂಸ್ಥೆಯ ಸ್ವತ್ತು. ಅನುಮತಿಯಿಲ್ಲದೆ ಅದನ್ನು ಯಾರೂ ಬೆಳೆದು ಮಾರುವಂತಿಲ್ಲ. ಟ್ರಯಂಫಿಗೆ ಹೆಸರು ಬಂದಿಲ್ಲವೆಂಬುದು ನಿಜ. ಅದಕ್ಕೆ ಒಡೆಯನಿಲ್ಲ ಎಂಬುದು ಇನ್ನೊಂದು ನಿಜ. ಸಾರ್ವಜನಿಕರ ಹಣದಿಂದ ಹುಟ್ಟಿದ ತಳಿಯನ್ನು ಯಾವ ರೈತನಾದರೂ ರಾಜಧನ ಕೊಡದೆ ನೆಡಬಹುದು. ಖಾಸಗಿಯವರು ಹಲವು ವರ್ಷ ಶ್ರಮಪಟ್ಟು ತಂದ ತಳಿಗೆ ಪ್ರತಿಫಲ ಬೇಡವೆಂದು ನಾನು ಹೇಳಲಾರೆ. ಆದರೆ ಅವರ ತಳಿಗೆ ಪ್ರಚಾರವೂ ಜೊತೆಯಲ್ಲಿಯೇ ಬರುತ್ತದೆ. ಎಲ್ಲರಿಗೂ ಸೇರಿದ್ದರ ಪರವಾಗಿ ಡಂಗುರ ಹೊಡೆಯುವವರು ಯಾರು? ಯಾರೂ ಕೊಳ್ಳದಿದ್ದರೆ ರೈತ ಅದನ್ನು ಕಿತ್ತು ಹೆಸರಾದುದನ್ನು ನೆಡುತ್ತಾನೆ. ಹಲವು ವರ್ಷಗಳ ಸಾರ್ವಜನಿಕ ದುಡಿಮೆ ಹೊಲದಿಂದಲೇ ಮರೆಯಾಗುತ್ತದೆ.

ಅಂದು ಅಳಿಯಂದಿರು ಒಂದೇ ಧಾನ್ಯ, ಒಂದೇ ಯೀಸ್ಟಿನಿಂದ, ಹಾಪ್ ಒಂದನ್ನು ಮಾತ್ರ ಬದಲಿಸಿ ಎರಡು ಪಾತ್ರೆ ಬಿಯರ್ ಮಾಡಿದರು. ಟ್ರಯಂಫಿನಲ್ಲಿ ಆಮ್ಲ ನೂರಕ್ಕೆ ಹತ್ತರ ಆಸುಪಾಸು. ಎರಡರ ಕಹಿಯೂ ಸರಿಸಮವಾಗುವಂತೆ ತೂಕವನ್ನು ಲೆಕ್ಕ ಹಾಕಿದ್ದರು. ತಿಂಗಳ ನಂತರ ಐವರು ಮಿತ್ರರು ಬಂದರು. ಕುಡಿಯದವನು ಪಕ್ಷಪಾತಿಯಾಗಲಾರ ಎಂದು ಬಡಿಸುವ ಕೆಲಸ ನನ್ನ ಪಾಲಿಗೆ ಬಂತು. ಲೋಟಗಳಿಗೆ ಅ, ಆ ಎಂದು ಚೀಟಿ ಅಂಟಿಸಿದೆ. ಮೂವರು ‘ಆ’ ಲೋಟವನ್ನು ಮೆಚ್ಚಿದರು, ಅದು ಟ್ರಯಂಫ್. ಹೆಸರುಗಳನ್ನು ಹೊರಗೆಡಹಿದಾಗ ಆ ಮೂವರಲ್ಲಿ ಒಬ್ಬರು, “ಇನ್ನೊಂದು ಸಲ ನೋಡ್ತೀನಿ ಸಾರ್” ಎಂದು ಎರಡನ್ನೂ ಮತ್ತೆ ಕುಡಿದು, “ಇಲ್ಲ, ಅ ದೇ ಮೇಲು” ಎಂದರು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ವಿದ್ಯಾರ್ಥಿಯ ಹೆಸರಿನ ಬದಲು ಸಂಖ್ಯೆಯನ್ನು ಬರೆಯಿಸುತ್ತಿದ್ದುದೇಕೆ ಎಂಬುದು ನನಗೆ ಆಗ ಮತ್ತೊಮ್ಮೆ ಮನದಟ್ಟಾಯಿತು. ಒಂದು ಸಂಜೆಯ ಐದು ನಾಲಗೆಗಳಿಂದ ತಳಿಯೊಂದರ ಯೋಗ್ಯತೆ ನಿರ್ಣಯವಾಗದು. ಮಣ್ಣು, ಮಳೆ, ಕೊಯ್ಲಿನ ದಿನ ಇವುಗಳಿಂದ ಪರಿಮಳ ವರ್ಷ ವರ್ಷವೂ ಬದಲಾಗುತ್ತದೆ. ಆದರೂ ವಿಚಾರಣೆ ನಡೆಯಿತಲ್ಲ ಎಂಬುದು ಮುಖ್ಯ.

ಇದನ್ನು ಕೇಳಿ ಯಾರೂ ಇಲ್ಲಿ ಒಲೆ ಹೂಡಬಾರದು. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ನಮ್ಮ ಅಬಕಾರಿ ಕಾನೂನಿನಂತೆ ಅಪರಾಧ. ಬೇಸಗೆಯ ದೀರ್ಘವಾದ ಹಗಲನ್ನು ಬೇಡುವ ಹಾಪ್ ನಮ್ಮ ಬಯಲುಸೀಮೆಯ ಬೆಳೆಯೂ ಅಲ್ಲ. ಭಾರತದಲ್ಲಿ ಅದರ ಬೇಸಾಯಕ್ಕೆ ಒಗ್ಗಿದ್ದು ಹಿಮಾಚಲ ಪ್ರದೇಶದ ಲಾಹೌಲಿನಂಥ ಕಣಿವೆ. ಆದರೆ ಹೆಸರಿಲ್ಲದ ಹೊಸತು ನಮ್ಮ ಬಳಿಗೂ ಬರುತ್ತಿರುತ್ತದೆ, ಬೀಜವಾಗಿ, ಪುಸ್ತಕವಾಗಿ. ಊರಿಗೆ ಮರಳಿದ ಮೇಲೆ, ನಿವೃತ್ತನಾದಾಗಿನಿಂದ ಮೇಜಿನ ಮೇಲೆ ಬಿದ್ದಿದ್ದ ಅಪರಿಚಿತ ತರುಣನೊಬ್ಬನ ಕವನಸಂಗ್ರಹವನ್ನು ತೆಗೆದೆ. ಮುನ್ನುಡಿ ಬರೆದವರು ಯಾರೆಂದು ನೋಡದೆ ಮೊದಲ ಪದ್ಯದಿಂದಲೇ ಓದತೊಡಗಿದೆ.