ಕೆಮ್ಮಣ್ಣಿನ ವಿದ್ಯಾರ್ಥಿಗಳು

ಕೃಷ್ಣೆ ಮತ್ತು ಘಟಪ್ರಭೆಗಳ ಆಸುಪಾಸಿನಲ್ಲಿ ಕಬ್ಬು ಜೋಳಗಳನ್ನು ಬೆಳೆದುಕೊಂಡು, ಮಗ್ಗಗಳನ್ನು ನಡೆಸಿಕೊಂಡು ಬಾಳುತ್ತಿರುವ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಜಾತ್ರೆಯ ಕರಪತ್ರವೊಂದನ್ನು ಕೈಗೆತ್ತಿಕೊಂಡವರಿಗೆ, ಪಲ್ಲಕ್ಕಿಯ ಹೊತ್ತು, ರಥೋತ್ಸವದ ಮುಹೂರ್ತ, ಮಹಾಪ್ರಸಾದದ ಏರ್ಪಾಟು ಮೊದಲಾದ ವಿವರಗಳು ಮುಗಿಯುತ್ತಿದ್ದಂತೆ ‘ಜಂಗೀ ನಿಕಾಲಿ ಕುಸ್ತಿಗಳು’ ಎಂಬ ದಪ್ಪಕ್ಷರದ ಸಾಲೊಂದು ಬಹುಮಟ್ಟಿಗೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ನೋಡಲು ನೆರೆದವರು ಹಲಗೆಯ ನಾದವನ್ನೂ ಕೇಕೆಯನ್ನೂ ಮನದಣಿಯೆ ಸವಿದು ಊರು ಸೇರುತ್ತಾರೆ. ಆದರೆ ಆ ಕಣದಲ್ಲಿ ಸೆಣಸಿದ ತರುಣನು ಎಲ್ಲಿ ಕಲಿತನು, ಯಾರ ಆಶ್ರಯದಲ್ಲಿ ಬೆಳೆದನು, ಮೂವತ್ತು ದಾಟಿದ ಮೇಲೆ ಏನಾಗುವನು ಎಂಬುದನ್ನು ವಿಚಾರಿಸುವವರು ವಿರಳ.

ಅವನು ಕಲಿತದ್ದು ಗರಡಿಮನೆಯಲ್ಲಿ. ತಗ್ಗಾದ ಬಾಗಿಲು, ಕಿರಿದಾದ ಕಿಟಕಿ, ಗೋಡೆಯ ಗೂಡಿನಲ್ಲಿ ಹನುಮಂತದೇವರು, ನಡುವೆ ಕೆಮ್ಮಣ್ಣಿನ ಹೊಂಡ: ಗರಡಿಯ ಸಂಪತ್ತೆಲ್ಲ ಇಷ್ಟೇ. ಆ ಮಣ್ಣಾದರೋ ಹೊಲದಿಂದ ತಂದು ಸುರಿದ ಮಣ್ಣಲ್ಲ. ಕಲ್ಲು ಹರಳುಗಳು ಹೋಗುವಂತೆ ಸೋಸಿ, ಅರಿಶಿನ, ಮಜ್ಜಿಗೆ, ಎಣ್ಣೆ, ನಿಂಬೆಯ ರಸಗಳನ್ನು ಬೆರೆಸಿ, ದಿನದಿನವೂ ಸಲಿಕೆಯಿಂದ ಅಗೆದು ಮಗುಚಿ ಮೃದುಗೊಳಿಸಿದುದು. ಹೊಸದಾಗಿ ಸೇರಿದ ಹುಡುಗನಿಗೆ ವಸ್ತಾದರು ಮೊದಲು ಕೊಡುವುದು ಪಟ್ಟಿನ ಪಾಠವನ್ನಲ್ಲ, ಈ ಸಲಿಕೆಯನ್ನು. ಮಣ್ಣು ಅಗೆದು ಅಗೆದು ತೋಳಿಗೂ ಸೊಂಟಕ್ಕೂ ಕಸುವು ಬಂದ ಮೇಲೆ ದಂಡ, ಬೈಠಕ್, ಗದೆ ತಿರುಗಿಸುವುದು. ಅನಂತರ ಸಮವಯಸ್ಕರೊಡನೆ ಹಿಡಿತ. ತೀರ ಕೊನೆಗೆ ಧೋಬಿ, ಢಾಕ, ಏಕಲಂಗಿ, ಘಿಸ್ಸಾ, ಕಲಾಜಂಗ ಎಂಬ ಪಟ್ಟುಗಳು. ಪಟ್ಟುಗಳ ಹೆಸರುಗಳಲ್ಲಿ ಮರಾಠಿ ಹಿಂದುಸ್ತಾನಿಗಳ ವಾಸನೆ ಇರುವುದು ಸಹಜವೇ. ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದು, 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಷ್ಟೇ ಈ ನೆಲವು ಕನ್ನಡ ನಾಡಿನ ಆಡಳಿತಕ್ಕೆ ಬಂದುದಷ್ಟೆ.

ಆದರೆ ವಿದ್ಯೆ ಮಾತ್ರ ಹೊರಗಿನಿಂದ ಬಂದುದೆಂದು ಭಾವಿಸಬೇಕಾದುದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕಾಗಿಯೇ ಒಂದು ಪ್ರಕರಣವಿದ್ದು, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸವನ್ನೂ ಸಾದ್ಯಂತವಾಗಿ ನಿರೂಪಿಸಲಾಗಿದೆ. ಎಳೆಯ ಮಲ್ಲರನ್ನು ಪೋಷಿಸುವುದು ಅರಸನ ಹೊಣೆಯೆಂಬುದು ಆ ಕಾಲದ ಅಭಿಪ್ರಾಯ. ಇನ್ನು, ಭೀಮ ದುರ್ಯೋಧನರ ಗದಾಯುದ್ಧವನ್ನು ಕಾವ್ಯವಾಗಿಸಿದ ರನ್ನನು ಇದೇ ಮುಧೋಳದವನೆಂಬುದನ್ನು ಇಲ್ಲಿಯ ಜನರಿಗೆ ಯಾರೂ ನೆನಪಿಸಬೇಕಾಗಿಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿದ ಆತನೂ ವಿದ್ಯೆಯನ್ನರಸಿ ದೂರದ ಗಂಗನಾಡಿಗೆ ಹೋಗಿ ಚಾವುಂಡರಾಯನ ಆಶ್ರಯವನ್ನು ಪಡೆಯಬೇಕಾಯಿತು. ಊರು ಬಿಡದೆ ಮೇಲೇರುವುದು ಈ ಸೀಮೆಯ ಪ್ರತಿಭಾವಂತರಿಗೆ ಅಂದೂ ಸುಲಭವಾಗಿರಲಿಲ್ಲ.

ಹಿಮಪ್ರಧಾನವಾದ ಕೆನಡಾ ದೇಶದಲ್ಲಿ ಐಸ್ ಹಾಕಿಯನ್ನೇ ವೃತ್ತಿಯಾಗಿಸಿಕೊಳ್ಳಬಯಸುವ ಬಾಲಕನು ಹದಿನಾರರ ಪ್ರಾಯದಲ್ಲಿ ಮನೆಬಿಟ್ಟು, ಪರವೂರಿನ ಕಿರಿಯರ ತಂಡವನ್ನು ಸೇರಿ, ಅಲ್ಲಿಯ ಗೃಹಸ್ಥರೊಬ್ಬರ ಮನೆಯಲ್ಲಿ ಉಂಡು ಮಲಗಿ ಆಟವನ್ನು ಕಲಿಯುವುದುಂಟು; ಹದಿನೆಂಟು ತುಂಬಿದಾಗ ದೊಡ್ಡ ತಂಡಗಳು ಸರದಿಯ ಮೇಲೆ ಹುಡುಗರನ್ನು ಆರಿಸಿಕೊಳ್ಳುವ ಸಭೆಯಲ್ಲಿ ಅವನ ಮುಂದಿನ ಬಾಳು ಬಹಳಷ್ಟು ಗೊತ್ತಾಗಿಬಿಡುತ್ತದೆ. ನಮ್ಮ ಪೈಲವಾನನೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಮನೆ ಬಿಡುತ್ತಾನೆ. ಆದರೆ ಅವನನ್ನು ಆರಿಸುವ ಸಭೆಯೆಂಬುದಿಲ್ಲ. ಜಾತ್ರೆಯ ಕಣವೇ ಅವನ ಪರೀಕ್ಷಾಮಂದಿರ. ಮೊದಮೊದಲು ತೆಂಗಿನಕಾಯಿಗೋ ಹತ್ತಿಪ್ಪತ್ತು ರೂಪಾಯಿಗೋ ಚಿಕ್ಕ ಹುಡುಗರ ಜೋಡಿಗಳನ್ನು ಹಚ್ಚುತ್ತಾರೆ. ಹೊತ್ತು ಏರಿದಂತೆ ಇನಾಮೂ ಏರುತ್ತದೆ. ಸಂಜೆಯ ಕೊನೆಯ ಜೋಡಿಗೆ ಬೆಳ್ಳಿಯ ಕಡಗ. ನಿಕಾಲಿ ಕುಸ್ತಿಗೆ ಗಡಿಯಾರದ ಹಂಗಿಲ್ಲ. ಒಬ್ಬನ ಬೆನ್ನು ನೆಲಕ್ಕೆ ತಾಗಿ ಚಿತ್ ಆಗುವವರೆಗೆ ತೀರ್ಪಿಲ್ಲ. ಗೆದ್ದವನು ಕಣವನ್ನು ಸುತ್ತುವಾಗ ರುಮಾಲಿನ ಹಿರಿಯರು ಕರೆದು ನೋಟೊಂದನ್ನು ಕೈಯಲ್ಲಿಟ್ಟು ಬೆನ್ನು ತಟ್ಟುತ್ತಾರೆ. ಆ ಹಣವು ಹಾಲು, ತುಪ್ಪ, ಬಾದಾಮಿಗಳ ಖುರಾಕಿಗೆ ಎಷ್ಟು ದಿನ ಸಾಕಾದೀತು ಎಂಬುದು ಮಾತ್ರ ಅವನ ಮನೆಯವರಿಗೇ ಗೊತ್ತು. ಒಬ್ಬ ಪೈಲವಾನನನ್ನು ಸಾಕುವುದೆಂದರೆ ಜೋಡೆತ್ತುಗಳನ್ನು ಸಾಕಿದಂತೆ, ಅದೂ ಉಳುಮೆಯಿಲ್ಲದ ಎತ್ತುಗಳನ್ನು.

ಆದುದರಿಂದಲೇ ಗಡಿನಾಡಿನ ಹುಡುಗರು ಬಹುಕಾಲದಿಂದ ಕೊಲ್ಹಾಪುರದ ದಾರಿ ಹಿಡಿದರು. ಶಾಹು ಮಹಾರಾಜರು ಮಲ್ಲರಿಗೆ ಆಶ್ರಯವಿತ್ತು ಖಾಸಬಾಗದ ಕುಸ್ತಿ ಮೈದಾನವನ್ನು ಕಟ್ಟಿಸಿದ ಆ ನಗರದ ತಾಲೀಮುಗಳಲ್ಲಿ ಕನ್ನಡ ಮಾತನಾಡುವ ಹುಡುಗರೂ ಬೆಳೆದರು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಅಲ್ಲಿಯೇ ಪಳಗಿ, 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿಯೇ ತೀರಿಕೊಂಡರು. ಅದಕ್ಕೂ ಮುಂಚೆ, ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಪದಕವನ್ನು ತಂದ ಮೊದಲಿಗರಾದರು. ಅವರ ಪ್ರಯಾಣದ ವೆಚ್ಚಕ್ಕಾಗಿ ಕೊಲ್ಹಾಪುರದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟರಂತೆ. ಇಂಥ ಜಾಧವರಿಗೆ ಸಿಕ್ಕ ಜೀವನೋಪಾಯವು 1955ರಲ್ಲಿ ಪೊಲೀಸ್ ಸಬ್ ಇನ್ಸ್ಪೆಕ್ಟರ್ ಹುದ್ದೆ. ಅರ್ಜುನ ಪ್ರಶಸ್ತಿಯು ಬಂದುದು ಮರಣಾನಂತರ. ಗೆಲುವಿಗೂ ಗೌರವಕ್ಕೂ ನಡುವೆ ಇಷ್ಟು ದೀರ್ಘವಾದ ಅಂತರವಿರಬಾರದಾಗಿತ್ತು.

ಈಗ ದಾರಿಯು ಬೇರೊಂದು ಕಡೆಗೆ ತಿರುಗಿದೆ. ರಾಜ್ಯದ ಕ್ರೀಡಾ ನಿಲಯಗಳು, ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ಬಾಲಕರಿಗಾಗಿ ನಡೆಯುವ ಬಾಯ್ಸ್ ಸ್ಪೋರ್ಟ್ಸ್ ಕಂಪನಿ, ಆಮೇಲೆ ಸೈನ್ಯ, ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದ ನೌಕರಿ: ಅರಸರ ಆಶ್ರಯದ ಸ್ಥಾನವನ್ನು ಇಂದು ತುಂಬಿರುವುದು ಇವು. ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಈ ಹೊಸ ದಾರಿಯ ಉಜ್ಜ್ವಲ ನಿದರ್ಶನವೆಂದರೆ ಅರ್ಜುನ ಹಲಕುರ್ಕಿ. ಗ್ರೀಕೋ-ರೋಮನ್ ಶೈಲಿಯ 55 ಕಿಲೋ ವಿಭಾಗದಲ್ಲಿ ಅವರು 2020ರಲ್ಲಿ ದಿಲ್ಲಿಯಲ್ಲಿಯೂ 2022ರಲ್ಲಿ ಮಂಗೋಲಿಯಾದ ಉಲಾನ್‌ಬಾಟರಿನಲ್ಲಿಯೂ ಏಷ್ಯಾ ಚಾಂಪಿಯನ್‌ಶಿಪ್ಪಿನ ಕಂಚನ್ನು ಗೆದ್ದರು. ಸೊಂಟದ ಕೆಳಗೆ ಎದುರಾಳಿಯನ್ನು ಹಿಡಿಯುವಂತಿಲ್ಲದ ಆ ಶೈಲಿಯು, ಕಾಲಿಗೆ ಕೈ ಹಾಕಿ ಉರುಳಿಸುವುದನ್ನು ಬಾಲ್ಯದಿಂದ ಕಂಡುಬಂದ ನಮ್ಮ ಹಳ್ಳಿಗರಿಗೆ ಎಷ್ಟು ಅಪರಿಚಿತವೆಂಬುದನ್ನು ನೆನೆದರೆ ಈ ಸಾಧನೆಯ ತೂಕವು ಅರ್ಥವಾದೀತು.

ನನ್ನ ಎಣಿಕೆಯಲ್ಲಿ, ಹಳ್ಳಿಯ ಹುಡುಗರು ಎಡವುವ ಜಾಗವೂ ಇದೇ. ಮಣ್ಣು ಹಿಡಿತವನ್ನು ನಿಧಾನಿಸುತ್ತದೆ, ತಾಳ್ಮೆಯನ್ನು ಕಲಿಸುತ್ತದೆ. ಈಗಿನ ಸ್ಪರ್ಧೆಗಳು ನಡೆಯುವ ಮ್ಯಾಟಾದರೋ ವೇಗವನ್ನು ಬೇಡುತ್ತದೆ. ಅಲ್ಲಿ ತಲಾ ಮೂರು ನಿಮಿಷಗಳ ಎರಡು ಸುತ್ತುಗಳಲ್ಲಿ ಎಲ್ಲವೂ ಮುಗಿಯಬೇಕು. ಬೆನ್ನು ತಾಗದಿದ್ದರೂ ಅಂಕಗಳ ಮೇಲೆ ಸೋಲು ಗೆಲುವುಗಳು ಇತ್ಯರ್ಥವಾಗುತ್ತವೆ. ಫ್ರೀಸ್ಟೈಲಿನಲ್ಲಿ ಹತ್ತು ಅಂಕಗಳ ಮುನ್ನಡೆ ಸಿಕ್ಕಿತೆಂದರೆ ಪಂದ್ಯವೇ ಸಮಾಪ್ತಿ. ತೂಕದ ವರ್ಗಕ್ಕೆ ಹೊಂದಿಕೊಳ್ಳಲು ಉಪವಾಸವಿರಬೇಕಾದ ಪ್ರಸಂಗವೂ ಬರುತ್ತದೆ. ಖುರಾಕಿನ ಮೇಲೆ ಬೆಳೆದವನಿಗೆ ಇದು ವಿಪರೀತವೆಂದೇ ತೋರುತ್ತದೆ. ಹತ್ತು ವರ್ಷ ಕೆಮ್ಮಣ್ಣಿನಲ್ಲಿ ದುಡಿದ ತರುಣನು ಹದಿನೆಂಟನೆಯ ವಯಸ್ಸಿನಲ್ಲಿ ಮೊಟ್ಟಮೊದಲ ಸಲ ಮ್ಯಾಟಿನ ಮೇಲೆ ಕಾಲಿಟ್ಟರೆ, ಅವನಿಗೆ ಬಲ ಸಾಲದೆ ಅಲ್ಲ, ಅಭ್ಯಾಸ ಸಾಲದೆ ಸೋಲಾಗುತ್ತದೆ. ನೌಕರಿ ಕೊಡುವ ಇಲಾಖೆಗಳು ಕೇಳುವುದು ಮ್ಯಾಟಿನ ಪ್ರಮಾಣಪತ್ರವನ್ನೇ ಹೊರತು ಜಾತ್ರೆಯ ಬೆಳ್ಳಿಯ ಕಡಗವನ್ನಲ್ಲ. ಹೀಗೆ ನೌಕರಿ ತಪ್ಪಿದವರು ಮೂವತ್ತರ ಸುಮಾರಿಗೆ ಮೊಣಕಾಲಿನ ನೋವನ್ನೂ ಪೈಲವಾನನೆಂಬ ಹೆಸರನ್ನೂ ಹೊತ್ತುಕೊಂಡು ಹೊಲಕ್ಕೋ ಮಗ್ಗಕ್ಕೋ ಸಕ್ಕರೆ ಕಾರ್ಖಾನೆಯ ಕೆಲಸಕ್ಕೋ ಮರಳುತ್ತಾರೆ. ಅವರಲ್ಲಿ ಕೆಲವರು ವಸ್ತಾದರಾಗಿ, ಸಂಬಳವಿಲ್ಲದೆ, ಬೆಳಗಿನ ಜಾವ ಎದ್ದು ಮತ್ತೊಂದು ತಲೆಮಾರಿಗೆ ಸಲಿಕೆ ಕೊಡುತ್ತಾರೆ. ಈ ವಿದ್ಯೆ ಇನ್ನೂ ಉಳಿದಿರುವುದು ಇವರಿಂದ.

ಮಣ್ಣನ್ನು ತೊರೆದು ಮ್ಯಾಟನ್ನು ಹಾಸಿರೆಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಸೂರಿನಡಿಯಲ್ಲಿರಲಿ ಎಂಬುದಷ್ಟೇ ನನ್ನ ಬಿನ್ನಹ. ತಾಲೂಕಿಗೊಂದು ಗರಡಿಯಲ್ಲಾದರೂ ಹೊಂಡದ ಪಕ್ಕದಲ್ಲಿ ಒಂದು ಮ್ಯಾಟು, ಅದನ್ನು ಕಲಿಸಬಲ್ಲ ಒಬ್ಬ ತರಬೇತುದಾರ, ಬೆಳಿಗ್ಗೆ ಮಣ್ಣು ಅಗೆಸುವ ವಸ್ತಾದರಿಗೆ ಒಂದಿಷ್ಟು ಗೌರವಧನ, ಇವು ದೊರೆತರೆ ಸಾಕು. ಜಾತ್ರಾ ಸಮಿತಿಯ ಹಿರಿಯರೂ, ಪರನಾಡಿನಿಂದ ಕರೆಸಿದ ಹೆಸರಾಂತ ಜೋಡಿಗೆ ಕೊಡುವ ಇನಾಮಿನಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಮೊದಲು ಕಣಕ್ಕಿಳಿಯುವ ತಮ್ಮೂರಿನ ಹುಡುಗರ ಹಾಲಿಗೆ ವಿನಿಯೋಗಿಸಬೇಕೆಂದು ಕೇಳಿಕೊಳ್ಳುತ್ತೇನೆ.